ಹಳದಿಯಿಂದ ನೀಲಿಗೆ ಹೋಗುವ ದಾರಿ

"ಮಾಮಾ, ನನ್ನ ದಾರ ಕಾಣವಲ್ದು."

ಜನವರಿ 13ರ ಮಧ್ಯಾಹ್ನ ಸೂರತ್‌ನ ಅಡಾಜಣ್‌ನಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ಯಾರಾದರೂ ಮೊದಲು ಬಗ್ಗಿ ನೋಡುವುದು ಮಂಚದ ಕೆಳಗೆ. ಮರುದಿನ ಉತ್ತರಾಯಣ, ಗಾಳಿಪಟದ ಹಬ್ಬ. ಬೆಳಗಾದರೆ ಊರಿಗೆ ಊರೇ ದಾರ ಸುತ್ತಿದ ಫಿರ್ಕಿ ಹಿಡಿದು, ಇಲ್ಲಿನವರು 'ಧಾಬು' ಎನ್ನುವ ತಾರಸಿ ಹತ್ತುತ್ತದೆ. ಮಾಮನೂ ಬಗ್ಗಿ ನೋಡಿದರು. ಗುಲಾಬಿ ಮಾಂಜಾ ಸುತ್ತಿದ ಫಿರ್ಕಿ ಅಲ್ಲೇ ಇತ್ತು.

"ಆ ದಾರ ಅಲ್ರಿ, ಈ ದಾರ," ಎಂದು ಸೊಸೆ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು.

ಪರದೆಯ ಮೇಲೆ ನಲವತ್ತು ಗಾಳಿಪಟ ಹಾರುತ್ತಿದ್ದವು. ಸೊಸೈಟಿಯ ವಾಟ್ಸಾಪ್ ಗುಂಪಿಗೆ ಸಂಜೆಯೊಳಗೆ ಹೋಗಬೇಕಾದ ಹಬ್ಬದ ಕರೆಯೋಲೆ ಅದು. ಕೈಯಲ್ಲಿ ಬಿಡಿಸಿದ್ದಲ್ಲ. ಪೈಥಾನ್‌ನಲ್ಲಿ ಬರೆದ ಒಂದು ಪುಟ್ಟ ಸ್ಕ್ರಿಪ್ಟ್ ಓಡಿದರೆ ಎಸ್‌ವಿಜಿ ಕಡತವೊಂದು ತಯಾರಾಗುತ್ತದೆ. ಬ್ರೌಸರ್ ಅದನ್ನು ಓದಿ ಚಿತ್ರ ಬಿಡಿಸುತ್ತದೆ. ಪಟಗಳಿಗೂ ದಾರಗಳಿಗೂ ಒಂದೇ ಬಣ್ಣದಾಟ: ಒಂದು ತುದಿ ಹಳದಿ, ಇನ್ನೊಂದು ತುದಿ ನೀಲಿ. ಓರೆಯಾಗಿ ಇಳಿದ ದಾರಗಳೆಲ್ಲ ಸರಿಯಾಗಿ ಬಂದಿದ್ದವು. ಎರಡು ಕಟ್ಟಡಗಳ ನಡುವೆ ಅಡ್ಡಡ್ಡ ಎಳೆದ ಒಂದು ದಾರ ಮಾತ್ರ ಮಾಯ.

ಮಾಮ ಕನ್ನಡಕ ಏರಿಸಿಕೊಂಡರು. ಧಾರವಾಡದಿಂದ ಬಂದು ಪಾಂಡೇಸರಾದ ಡೈಯಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ಮಾಸ್ಟರ್ ಆಗಿ ದುಡಿದು ನಿವೃತ್ತರಾದವರು. ಪಾಲಿಯೆಸ್ಟರ್ ಸೀರೆಯನ್ನು 130 ಡಿಗ್ರಿ ಶಾಖದಲ್ಲಿ, ಒತ್ತಡದಲ್ಲಿ ಬೇಯಿಸಿ ಬಣ್ಣ ಕುಡಿಸುವುದು ಅವರ ಕಸುಬು. ಕೋಡ್ ಗೊತ್ತಿಲ್ಲ, ಆದರೆ ಬಣ್ಣ ಹಿಡಿಯದ ಬಟ್ಟೆ ಕಂಡರೆ ಸುಮ್ಮನಿರುವವರಲ್ಲ.

"ಓರೆ ಇದ್ದದ್ದಕ್ಕ ಬಣ್ಣ ಹತ್ತೇದ, ನೆಟ್ಟಗ ಇದ್ದದ್ದಕ್ಕ ಹತ್ತಿಲ್ಲ. ಬಟ್ಟಿ ಒಂದ, ಬಣ್ಣ ಒಂದ. ಅಂದ್ರ ಅಳತ್ಯಾಗ ಏನೋ ಎಡವಟ್ಟಾಗೇದ. ಬಣ್ಣಕ್ಕ ಅಳತಿ ಎಲ್ಲಿಂದ ಕೊಟ್ಟಿ?"

ಪ್ರಶ್ನೆ ನೇರವಾಗಿ ಗುರಿಗೇ ತಾಗಿತ್ತು. ಇಂಥ ಬಣ್ಣದಾಟಕ್ಕೆ ಗ್ರೇಡಿಯಂಟ್ ಎನ್ನುತ್ತಾರೆ: ಮೂಲದಲ್ಲಿ ಎರಡು ಗೂಟ, ನಡುವೆ ಒಂದು ಹಗ್ಗ. ಗೂಟಕ್ಕೆ 'ಸ್ಟಾಪ್' ಎಂದು ಹೆಸರು. 0 ಎಂಬ ಜಾಗದಲ್ಲಿ ಹಳದಿ, 1 ಎಂಬ ಜಾಗದಲ್ಲಿ ನೀಲಿ. ನಡುವಿನ ಪ್ರತಿ ಚುಕ್ಕೆಗೂ ಲೆಕ್ಕ ಹಾಕಿ ಬಣ್ಣ ತುಂಬುವುದು ಯಂತ್ರದ ಕೆಲಸ. ಆದರೆ 0 ಎಲ್ಲಿ, 1 ಎಲ್ಲಿ ಎಂದು ಯಾರಾದರೂ ಹೇಳಬೇಕು. 2001ರಲ್ಲಿ ವೆಬ್‌ನ ಮಾನಕವಾಗಿ ಅಂಗೀಕಾರವಾದ ಎಸ್‌ವಿಜಿಯಲ್ಲಿ, ಏನೂ ಹೇಳದೆ ಬಿಟ್ಟರೆ ಪ್ರತಿ ಆಕೃತಿಯ ಸುತ್ತ ಒಂದು ಅಗೋಚರ ಪೆಟ್ಟಿಗೆ ಕಟ್ಟಿ, ಅದರ ಎಡ ಅಂಚು 0, ಬಲ ಅಂಚು 1 ಎಂದು ಹಿಡಿಯಲಾಗುತ್ತದೆ. ಈ ಪೆಟ್ಟಿಗೆಗೆ 'ಬೌಂಡಿಂಗ್ ಬಾಕ್ಸ್' ಎನ್ನುತ್ತಾರೆ. ಗೆರೆಯ ದಪ್ಪ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅಡ್ಡ ಗೆರೆಯ ಪೆಟ್ಟಿಗೆಗೆ ಉದ್ದ ಉಂಟು, ಎತ್ತರ ಸೊನ್ನೆ.

"ಎತ್ತರ ಇಲ್ಲದ ಪೆಟ್ಟಿಗ್ಯಾಗ ಬಣ್ಣ ಹಚ್ಚೋದಿಲ್ಲ ಅಂತ ನಿಯಮನ ಬರದಾರ, ಮಾಮಾ. ನನಗ ನೆನಪ ಹಾರಿತ್ತು."

"ಹಂಗಾರ ಆ ಪೆಟ್ಟಿಗಿ ತಗದ ಹಾಕು."

ಅವಳು ಒಂದು ಪದ ಬದಲಿಸಿದಳು. ಬಣ್ಣದ ಅಳತೆಯನ್ನು ಆಕೃತಿಯ ಪೆಟ್ಟಿಗೆಯಿಂದ ಬಿಡಿಸಿ ಇಡೀ ಹಾಳೆಗೆ ಕಟ್ಟುವ 'ಯೂಸರ್ ಸ್ಪೇಸ್' ಎಂಬ ಆಯ್ಕೆ ಅದು. ದಾರ ಕಾಣಿಸಿಕೊಂಡಿತು. ಜತೆಗೆ ನಲವತ್ತು ಗಾಳಿಪಟಗಳೂ ವೇಷ ಬದಲಿಸಿದವು. ಮೊದಲು ಪ್ರತಿ ಪಟದಲ್ಲೂ ಪೂರ್ತಿ ಹಳದಿ, ಪೂರ್ತಿ ನೀಲಿ ಇದ್ದವು. ಈಗ ಎಡಗಡೆಯವೆಲ್ಲ ಹಳದಿ, ಬಲಗಡೆಯವೆಲ್ಲ ನೀಲಿ. ಇಡೀ ಆಕಾಶದ ಉದ್ದಕ್ಕೆ ಒಂದೇ ಗ್ರೇಡಿಯಂಟ್ ಹರಡಿ, ಪ್ರತಿ ಪಟಕ್ಕೂ ಅದರದೊಂದು ಚೂರು ಸಿಕ್ಕಿತ್ತು.

ಮಾಮನಿಗೆ ಇದು ಹೊಸದಲ್ಲ. "ಮೊದಲಿಂದು ಪ್ರಿಂಟಿಂಗ್. ಅಚ್ಚಿನ್ಯಾಗ ಬಣ್ಣ ಅದ. ಎಷ್ಟ ಸಲ ಒತ್ತಿದ್ರೂ ಅದ ಹೂವು, ಅದ ಬಣ್ಣ. ಎರಡನೇದ್ದು ಡಿಪ್ ಡೈಯಿಂಗ್. ಸೀರಿನ ಬಣ್ಣದ ನೀರಾಗ ಇಳಿಸಿ ಸಾವಕಾಶ ಮ್ಯಾಲ ಎತ್ತಬೇಕು. ತಳ ಹೆಚ್ಚು ಹೊತ್ತು ಮುಳಗಿರತದ, ಅಲ್ಲೆ ಗಾಢ; ಮ್ಯಾಲಿನ ಭಾಗ ಲಗೂನ ಹೊರಗ ಬರತದ, ಅಲ್ಲೆ ತಿಳಿ. ಮ್ಯಾಲೆ ಹೂವು ಇರಲಿ, ಬುಟ್ಟಾ ಇರಲಿ, ಬಣ್ಣಕ್ಕ ಅದರ ಖಬರ ಇರೂದಿಲ್ಲ. ಅದರ ಅಳತಿ ಸೀರಿ ಉದ್ದದ್ದು."

ಅಳತೆಯ ಸಂಗತಿ ಅಲ್ಲಿಗೆ ಬಗೆಹರಿಯಿತು. ಮಾಮನ ಬೆರಳು ಮಾತ್ರ ಪರದೆಯ ನಟ್ಟನಡುವೆ ಹೋಗಿ ನಿಂತಿತು.

"ಇದೇನವಾ, ಇಲ್ಲೆ ಯಾರ ಬೂದಿ ಚೆಲ್ಲ್ಯಾರ?"

ನಿಜವೇ. ಹಳದಿ ಪಟಗಳಿಗೂ ನೀಲಿ ಪಟಗಳಿಗೂ ನಡುವೆ ಇದ್ದ ಏಳೆಂಟು ಪಟಗಳು ಬೂದು ಬಣ್ಣಕ್ಕೆ ತಿರುಗಿ, ಮಳೆಗಾಲಕ್ಕೆ ಕಾದಿರುವ ಹಾಗೆ ಕಾಣುತ್ತಿದ್ದವು.

"ಹಳದಿ, ನೀಲಿ ಕೂಡಿದ್ರ ಹಸಿರು," ಎಂದರು ಮಾಮ. "ಒಂದನೇ ಇಯತ್ತೆ ಹುಡುಗರಿಗೂ ಗೊತ್ತದ. ನಿನ್ನ ಕಂಪ್ಯೂಟರಿಗೆ ಗೊತ್ತಿಲ್ಲೇನು?"

ಸೊಸೆ ಕಾಗದ ತೆಗೆದುಕೊಂಡು ಲೆಕ್ಕ ಬರೆದಳು. ಪರದೆಯ ಬಣ್ಣ ಎಂದರೆ ಕೆಂಪು, ಹಸಿರು, ನೀಲಿ ಬೆಳಕುಗಳ ಮೂರು ಅಂಕೆ, ಪ್ರತಿಯೊಂದೂ 0ಯಿಂದ 255ರವರೆಗೆ. ಹಳದಿ ಅಂದರೆ 255, 255, 0. ನೀಲಿ ಅಂದರೆ 0, 0, 255. ನಟ್ಟನಡುವೆ ಯಂತ್ರ ಮಾಡುವುದು ಸರಾಸರಿ ಅಷ್ಟೇ: ಮೂರೂ ಅಂಕೆ ಸುಮಾರು 128. ಮೂರೂ ಸಮ ಬಂದರೆ ಅದು ಬೂದು, ಬೇರೇನೂ ಆಗಲು ಸಾಧ್ಯವಿಲ್ಲ. ಮಾಮನ ಹಂಡೆಯಲ್ಲಿ ಆಗುವುದು ಬೇರೆ. ಹಳದಿ ಡೈ ನೀಲಿ ಬೆಳಕನ್ನು ನುಂಗುತ್ತದೆ, ನೀಲಿ ಡೈ ಕೆಂಪು ಬೆಳಕನ್ನು ನುಂಗುತ್ತದೆ; ಇಬ್ಬರೂ ತಿನ್ನದೆ ಬಿಟ್ಟದ್ದು ಹಸಿರು. ಹಂಡೆಯಲ್ಲಿ ಬಣ್ಣಗಳು ಸೇರಿ ಬೆಳಕನ್ನು ಕಳೆಯುತ್ತವೆ. ಪರದೆಯಲ್ಲಿ ಬೆಳಕಿಗೆ ಬೆಳಕು ಕೂಡುತ್ತದೆ.

ಮಾಮ ಗಲ್ಲ ಕೆರೆದುಕೊಂಡರು. "ಹಂಗಾರ ನೇಕಾರ ಹೇಳೋದ ನಿನ್ನ ಕಂಪ್ಯೂಟರ್ ಕಡೀಗೆ ಅದ. ಹಾಸು ಹಳದಿ, ಹೊಕ್ಕು ನೀಲಿ ಹಾಕಿ ನೆಯ್ದ ನೋಡು. ಹಸಿರ ಆಗೂದಿಲ್ಲ. ದೂರಿಂದ ಮಾಸಲು ಬೂದಿ ಛಾಯಾ ಬರತದ, ಮಡಿಕಿ ಅಲುಗಿಸಿದ್ರ ಒಮ್ಮೆ ಹಳದಿ ಹೊಳಿತದ, ಒಮ್ಮೆ ನೀಲಿ. ನೂಲು ನೂಲಿನೊಳಗ ಕರಗಿಲ್ಲಲ್ಲ, ಬಾಜೂಕ ಕೂತದ. ಇಲ್ಲಿ ಮಾರ್ಕೆಟ್‌ನ್ಯಾಗ ಧೂಪ್‌ಛಾಂವ್ ಅಂತಾರ."

"ಇಳಕಲ್ಲ ಸೀರ್‍ಯಾಗ?"

"ಅಲ್ಲೆ ನಡುವ ಅನ್ನೂದ ಇಲ್ಲ! ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಸ್ತಾರ. ಕೊಂಡಿ ಈಚೆ ಹಸಿರು, ಕೊಂಡಿ ಆಚೆ ಕೆಂಪು. ಮಾತ ಮುಗೀತು."

ಅವಳಿಗೆ ನಗು ಬಂತು. ಗ್ರೇಡಿಯಂಟ್ ಭಾಷೆಯಲ್ಲಿ ಇಳಕಲ್ಲ ಕೊಂಡಿಗೂ ಒಂದು ರೂಪವಿದೆ: ಎರಡು ಬೇರೆ ಬಣ್ಣದ ಸ್ಟಾಪ್‌ಗಳನ್ನು ಒಂದೇ ಅಂಕೆಯ ಮೇಲೆ, ಉದಾಹರಣೆಗೆ ಎರಡನ್ನೂ 0.8ರಲ್ಲಿ, ನಿಲ್ಲಿಸಿಬಿಡುವುದು. ಆಗ ಬಣ್ಣ ಜಾರುವುದಿಲ್ಲ, ಜಿಗಿಯುತ್ತದೆ. ವೆಬ್ ವಿನ್ಯಾಸಕರು ಪಟ್ಟೆ, ಚೌಕಳಿಗಳನ್ನು ಬಿಡಿಸುವುದು ಹೀಗೇ.

ಆದರೆ ಕರೆಯೋಲೆಗೆ ಬೇಕಿದ್ದದ್ದು ಕೊಂಡಿಯಲ್ಲ, ಜಾರುವ ಬಣ್ಣ. ಅವಳು ಬೇರೊಂದು ದಾರಿ ಹಿಡಿದಳು. ಬಣ್ಣಗಳನ್ನು ಬಳೆಯಂಥ ಚಕ್ರದ ಸುತ್ತ ಜೋಡಿಸಿದರೆ ಹಳದಿ 60 ಡಿಗ್ರಿಯಲ್ಲೂ ನೀಲಿ 240 ಡಿಗ್ರಿಯಲ್ಲೂ ನಿಲ್ಲುತ್ತವೆ, ಎದುರುಬದುರಾಗಿ. ಚಕ್ರದ ನಡುವೆ ಹಾದರೆ ಬೂದು ಸಿಗುತ್ತದೆ. ಅಂಚಿನ ಗುಂಟ ನಡೆದರೆ 150 ಡಿಗ್ರಿಯಲ್ಲಿ ಕಣ್ಣು ಕುಕ್ಕುವ ಹಸಿರು ಬರುತ್ತದೆ. ಅದೇ ಅಂಚಿನ ಮೇಲೆ ತಿರುವು ಹಾಕಿ ಹಿಂದಿನಿಂದ ಬಂದರೆ 330 ಡಿಗ್ರಿಯಲ್ಲಿ ಸಿಗುವುದು ಸೂರತ್ ಮಾರುಕಟ್ಟೆಯ ರಾಣಿ ಪಿಂಕ್. ಎರಡೂ ಸಮದೂರ, ಯಾವುದು ಸರಿ ಎಂದು ಯಂತ್ರವನ್ನು ಕೇಳಿದರೆ ಉತ್ತರವಿಲ್ಲ.

"ಹಳದಿಯಿಂದ ನೀಲಿಗೆ ಹೊಂಟು ನಡುವ ರಾಣಿ ಮನಿಗೆ ಹೋಗಿ ಬಂದಂಗಾತು," ಎಂದರು ಮಾಮ.

ಮಾಮನ ಅನುಭವ ನಿಜವಾಗಿ ಕೆಲಸಕ್ಕೆ ಬಂದದ್ದು ಇದಾದ ಮೇಲೆ. ಬೂದು ಬಣ್ಣ ಏಕೆ ಅಷ್ಟು ಕೊಳೆಯಾಗಿ ಕಾಣುತ್ತದೆ ಎಂದು ಅವರು ಮಿಲ್ಲಿನ ಲೆಕ್ಕದಲ್ಲಿ ಕೇಳಿದರು. ಡೈಯಿಂಗ್ ಲ್ಯಾಬಿನಲ್ಲಿ ಗಿರಾಕಿಯ ಶೇಡ್‌ಗೂ ತಮ್ಮ 'ಲ್ಯಾಬ್ ಡಿಪ್' ಎಂಬ ಮಾದರಿ ತುಂಡಿಗೂ ಎಷ್ಟು ಅಂತರ ಎಂದು ಅಳೆಯುವ ಯಂತ್ರವಿರುತ್ತದೆ. ಅದು ಕೊಡುವ ಅಂಕೆ 'ಡೆಲ್ಟಾ ಇ'. ಅದರ ಅಡಿಪಾಯ 1976ರಲ್ಲಿ ಅಂತಾರಾಷ್ಟ್ರೀಯ ದೀಪನ ಆಯೋಗ ಒಪ್ಪಿದ ಎಲ್-ಎ-ಬಿ ಪದ್ಧತಿ. ಅಲ್ಲಿ 'ಎಲ್' ಎಂದರೆ ಕಣ್ಣಿಗೆ ಕಾಣುವ ಬೆಳಕಿನ ಮಟ್ಟ; ಕಪ್ಪಿಗೆ 0, ಬಿಳಿಗೆ 100.

"ಹಳದಿ ಎಲ್ ಎಷ್ಟು?"

"ತೊಂಬತ್ತೇಳು."

"ನೀಲಿದು?"

"ಮೂವತ್ತೆರಡು."

"ನಡುವ ಅರವತ್ತೈದರ ಹತ್ತರ ಇರಬೇಕಲ್ಲ. ನಿನ್ನ ಬೂದಿದು?"

ಸ್ಕ್ರಿಪ್ಟ್‌ನಲ್ಲಿ ಲೆಕ್ಕ ಹಾಕಿಸಿದಳು. ಐವತ್ನಾಲ್ಕು. ಮಾಮ ಕುರ್ಚಿಗೆ ಒರಗಿದರು. "ಹನ್ನೊಂದು ಪಾಯಿಂಟ್ ಕಪ್ಪು! ನಮ್ಮಲ್ಲೆ ಡೆಲ್ಟಾ ಇ ಒಂದು ದಾಟಿದ್ರ ಲಾಟ್ ವಾಪಸ್ ಬರತಿತ್ತು."

ಪರದೆಯ ಅಂಕೆಗಳು ಬೆಳಕಿಗೆ ಸಮಪ್ರಮಾಣದಲ್ಲಿ ಇಲ್ಲದಿರುವುದು ಇದಕ್ಕೆ ಒಂದು ಕಾರಣ. 1990ರ ದಶಕದಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಮಾನಕದಲ್ಲಿ 128 ಎಂಬುದು ಅರ್ಧ ಬೆಳಕಲ್ಲ, ಸುಮಾರು ಐದನೇ ಒಂದು ಪಾಲು. ನಿಜವಾದ ಅರ್ಧ ಬೆಳಕಿಗೆ 188 ಬರೆಯಬೇಕು. ಅವಳು ಅಂಕೆಗಳನ್ನು ಬೆಳಕಿಗೆ ಪರಿವರ್ತಿಸಿ ಸರಾಸರಿ ತೆಗೆದಳು. ಬೂದು ಹೋಗಲಿಲ್ಲ, ತಿಳಿಯಾಯಿತು. ಎಲ್ 76ಕ್ಕೆ ಹತ್ತಿತು. ಅತ್ತ ಕಡಿಮೆಯಾಗಿದ್ದು ಇತ್ತ ಹೆಚ್ಚಾಯಿತು. ಮಾಮನ ಎಲ್-ಎ-ಬಿಯಲ್ಲೇ ಸರಾಸರಿ ತೆಗೆದಾಗ ಬೆಳಕು ಸರಿಬಂತು, ಆದರೆ ನಡುವೆ ಮಾಸಲು ನೇರಳೆಗುಲಾಬಿ ಎದ್ದಿತು. ನೀಲಿಯ ಹತ್ತಿರ ಈ ಪದ್ಧತಿ ನೇರಳೆಯ ಕಡೆ ವಾಲುವುದು ಹಳೆಯ ದೂರು. ಅದನ್ನು ತಿದ್ದಲೆಂದೇ ಬ್ಯೋರ್ನ್ ಒಟ್ಟೊಸನ್ 2020ರ ಡಿಸೆಂಬರಿನಲ್ಲಿ 'ಓಕೆಲ್ಯಾಬ್' ಎಂಬ ಹೊಸ ಲೆಕ್ಕ ಪ್ರಕಟಿಸಿದರು. ಈಗ ಬ್ರೌಸರ್‌ಗಳ ಸಿಎಸ್‌ಎಸ್ ಗ್ರೇಡಿಯಂಟ್‌ನಲ್ಲಿ ಹೆಸರು ಬರೆದರೆ ಸಾಕು, ಆ ಲೆಕ್ಕದಲ್ಲಿ ಬಣ್ಣ ಜಾರುತ್ತದೆ. ಓಕೆಲ್ಯಾಬ್ ಕೊಟ್ಟ ನಡುಬಣ್ಣ 108, 171, 199: ಒಗೆದು ಒಗೆದು ಮಾಸಿದ ಆಕಾಶನೀಲಿ.

ತುದಿಗಳು ಅವೇ ಎರಡು. ನಡುವೆ ಬಂದವು ಬೂದು, ತಿಳಿಬೂದು, ನೇರಳೆಗುಲಾಬಿ, ಆಕಾಶನೀಲಿ, ಹಸಿರು, ರಾಣಿ ಪಿಂಕ್. ಆರನ್ನೂ ಸಾಲಾಗಿ ಇಟ್ಟಾಗ ಮಾಮ ಕೇಳಿದರು: "ಇದರಾಗ ಖರೇ ನಡುವ ಯಾವುದು?"

"ಯಾವ ದಾರೀಲೆ ಹೋಗಬೇಕು ಅಂತ ನಾನ ಹೇಳಬೇಕ್ರಿ. ಹೇಳಲಿಕ್ಕರ ಅದು ಬೂದಿ ದಾರಿ ಹಿಡೀತದ, ಯಾಕಂದ್ರ ಆ ಲೆಕ್ಕ ಭಾಳ ಸಸ್ತಾ."

ಅಡುಗೆಮನೆಯಿಂದ ಅತ್ತಿ ಒಂದು ತಟ್ಟೆ ಪೋಂಕ್ ತಂದಿಟ್ಟರು. ಚಳಿಗಾಲ ಬಂತೆಂದರೆ ತಾಪಿಯ ಸರದಾರ್ ಸೇತುವೆ ಇಳಿದ ಕೂಡಲೆ ಅಡಾಜಣ್ ಬದಿಗೆ ಪೋಂಕ್ ಅಂಗಡಿಗಳು ಏಳುತ್ತವೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸಿ, ನಿಂಬೆಹುಳಿ ಮೆಣಸಿನ ಸೇವು ಕೂಡಿಸಿ ಕೊಡುತ್ತಾರೆ. ಧಾರವಾಡದ ಹೊಲಗಳಲ್ಲಿ ಇದಕ್ಕೆ ಸೀತನಿ ಎಂದು ಹೆಸರು. ಮಾಮ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅಂಗೈಯಲ್ಲಿ ಹರಡಿ ಪರದೆಯ ಪಕ್ಕ ಹಿಡಿದರು.

"ಈ ಹಸಿರ ಹಾಕು. ನಿನ್ನ ಚಕ್ರದ ಹಸಿರು ಪ್ಲಾಸ್ಟಿಕ್ ಕೊಡದಂಗ ಅದ."

ಅವಳು 0.5ರಲ್ಲಿ ಮೂರನೆಯ ಗೂಟ ನೆಟ್ಟಳು. ಆದರೆ ಹಳದಿಯಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ಯಂತ್ರ ಮತ್ತೆ ಅದೇ ಸಸ್ತಾ ಲೆಕ್ಕದಲ್ಲಿ ನಡೆಯುತ್ತಿತ್ತು. ಅದಕ್ಕಾಗಿ ಒಂದು ಲೂಪ್ ಬರೆದಳು: ಓಕೆಲ್ಯಾಬ್ ಲೆಕ್ಕದಲ್ಲಿ ದಾರಿ ಗುರುತಿಸಿ, ಹತ್ತರಲ್ಲಿ ಒಂದು ಪಾಲಿಗೊಮ್ಮೆ ನಿಂತು, ಒಟ್ಟು ಹನ್ನೊಂದು ಸ್ಟಾಪ್‌ಗಳನ್ನು ತಾನೇ ಬರೆಯುವ ಲೂಪ್. ಗೂಟಗಳು ಹತ್ತಿರ ಬಂದಷ್ಟೂ ನಡುವೆ ಯಂತ್ರ ದಾರಿ ತಪ್ಪಲು ಜಾಗ ಕಡಿಮೆ. ಮೌಸಿನಲ್ಲಿ ಬಣ್ಣ ಎಳೆಯುವುದಕ್ಕೂ ಸ್ಕ್ರಿಪ್ಟ್ ಬರೆಯುವುದಕ್ಕೂ ಇರುವ ಅಂತರ ಇದೇ: ಪೋಂಕ್ ಹಸಿರು ಬೇಡ ಎಂದು ಮಾಮ ನಾಳೆ ಮನಸ್ಸು ಬದಲಿಸಿದರೆ ಬದಲಾಗಬೇಕಾದ್ದು ಒಂದು ಸಾಲು, ನಲವತ್ತು ಪಟಗಳಲ್ಲ.

ಒಂದು ದೊಡ್ಡ ಪಟ ಮಾತ್ರ ಬೇರೆ ಬೇಕಿತ್ತು. ನೆತ್ತಿ ಹಳದಿ, ಬುಡ ನೀಲಿ, ಎಡಬಲದ ಎರಡು ಮೂಲೆ ಕೆಂಪು. ನಾಲ್ಕು ಮೂಲೆಗೆ ನಾಲ್ಕು ಬಣ್ಣ ಕೊಡುವುದು ಎಸ್‌ವಿಜಿಗೆ ಬರುವುದಿಲ್ಲ; ಅದಕ್ಕೆ ಗೊತ್ತಿರುವುದು ನೇರ ಮತ್ತು ವೃತ್ತಾಕಾರದ ಎರಡು ಬಗೆ ಮಾತ್ರ. ಬಲೆಯಂತೆ ಬಣ್ಣ ಹರಡುವ ಮೆಶ್ ಗ್ರೇಡಿಯಂಟನ್ನು ಅದರ ಎರಡನೆಯ ಆವೃತ್ತಿಗೆ ಸೇರಿಸಲು ಹೊರಟು ಕೊನೆಗೆ ಕೈಬಿಟ್ಟರು. ಹಾಗಾಗಿ ಅವಳು 1971ರ ಹಳೆಯ ಉಪಾಯಕ್ಕೆ ಹೋದಳು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆನ್ರಿ ಗೂರೋ ಎಂಬ ಫ್ರೆಂಚ್ ಸಂಶೋಧಕ ಮೂಲೆಗಳಲ್ಲಿ ಮಾತ್ರ ಬಣ್ಣ ಲೆಕ್ಕ ಹಾಕಿ, ಒಳಗಿನದನ್ನು ಆ ಮೂಲೆಗಳ ದೂರಕ್ಕೆ ತಕ್ಕಂತೆ ಹಂಚುವ ವಿಧಾನ ತೋರಿಸಿದ್ದ. ತ್ರಿಕೋನಕ್ಕೆ ಇದು ಅಚ್ಚುಕಟ್ಟು. ಗಾಳಿಪಟಕ್ಕೆ ಮೂಲೆ ನಾಲ್ಕು. ಎರಡು ತ್ರಿಕೋನವಾಗಿ ಸೀಳಬೇಕು.

"ಉದ್ದಕ್ಕ ಸೀಳ್ತಿಯೋ ಅಡ್ಡಕ್ಕ ಸೀಳ್ತಿಯೋ?"

ನೆತ್ತಿಯಿಂದ ಬುಡಕ್ಕೆ ಸೀಳಿದಾಗ ಪಟದ ನಟ್ಟನಡುವೆ ಬೂದು ಬಂತು, ಹಳದಿ ನೀಲಿಗಳ ಸರಾಸರಿ. ಎಡದಿಂದ ಬಲಕ್ಕೆ ಸೀಳಿದಾಗ ಅದೇ ಚುಕ್ಕೆ ಅಪ್ಪಟ ಕೆಂಪಾಯಿತು. ನಾಲ್ಕೂ ಮೂಲೆಯ ಬಣ್ಣವನ್ನು ಒಟ್ಟಿಗೆ ಸರಾಸರಿ ಮಾಡಿದರೆ ಇಟ್ಟಿಗೆ ಕೆಂಪು. ಮಾಮ ಮೂಲೆಯಲ್ಲಿದ್ದ ನಿಜವಾದ ಪಟವೊಂದನ್ನು ಎತ್ತಿಕೊಂಡರು. ಅದರ ಬೆನ್ನಿಗೆ ನೆಟ್ಟಗೆ ಅಂಟಿಸಿದ ಬಿದಿರು ಕಡ್ಡಿಗೆ ಗುಜರಾತಿಯಲ್ಲಿ ಢಢ್ಢೊ ಎನ್ನುತ್ತಾರೆ, ಅಡ್ಡಕ್ಕೆ ಬಾಗಿಸಿ ಕಟ್ಟಿದ್ದಕ್ಕೆ ಕಮಾನ್. "ನಿನ್ನ ಪಟದ ಬಣ್ಣ ಈ ಕಡ್ಡಿ ಮ್ಯಾಲೆ ನಿಂತದ ಅಂದಂಗಾತು," ಎಂದರು. ಅವಳು ಕಮಾನಿನ ದಿಕ್ಕು ಆರಿಸಿದಳು.

ಉಳಿದದ್ದು ಆಕಾಶ. ಮೇಲಿನ ಗಾಢ ನೀಲಿಯನ್ನು 10, 20, 60 ಎಂದೂ ಕೆಳಗಿನ ನೀಲಿಯನ್ನು 20, 40, 90 ಎಂದೂ ಇಟ್ಟು 1,920 ಪಿಕ್ಸೆಲ್ ಎತ್ತರಕ್ಕೆ ಹರಡಿದಳು. ನುಣುಪಾಗಿ ಬರುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಎದ್ದವು. ಅತಿ ಹೆಚ್ಚು ಬದಲಾಗುವ ಅಂಕೆಗೇ 60ರಿಂದ 90ರವರೆಗೆ ಇರುವುದು ಮೂವತ್ತು ಹೆಜ್ಜೆ. ಒಂದೊಂದು ಹೆಜ್ಜೆ 64 ಪಿಕ್ಸೆಲ್ ಅಗಲ. ಹೆಜ್ಜೆಯ ಅಂಚನ್ನು ಕಣ್ಣು ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ ಎಂದು ಅರ್ನ್ಸ್ಟ್ ಮಾಕ್ 1865ರಲ್ಲೇ ಬರೆದಿದ್ದ. ಪಟ್ಟೆಗಳನ್ನು ಮರೆಸಲು ಅವಳು ಮಾಡಿದ್ದು ವಿಚಿತ್ರ ಕೆಲಸ: ನಿರ್ಮಲ ಆಕಾಶಕ್ಕೆ ಬೇಕೆಂದೇ ಧೂಳು ಎರಚಿದಳು. ಪ್ರತಿ ಪಿಕ್ಸೆಲ್ಲಿಗೂ ಒಂದರಷ್ಟು ಹೆಚ್ಚುಕಡಿಮೆ, ಯದ್ವಾತದ್ವಾ. ಅಂಚುಗಳು ಕದಡಿ ಹೋದವು, ಬಣ್ಣ ನುಣುಪಾಯಿತು.

"ಇದು ರಾತ್ರಿ ಆಕಾಶ," ಎಂದರು ಮಾಮ. "ಸೊಸೈಟಿಯವರು ಕರದದ್ದು ಸಂಜೀಕ."

ಆರು ಗಂಟೆ ದಾಟಿತ್ತು. ಇಬ್ಬರೂ ಧಾಬು ಹತ್ತಿದರು. ಹಬ್ಬಕ್ಕೆ ಒಂದು ದಿನ ಮೊದಲೇ ನೂರಾರು ಪಟ ಏರಿದ್ದವು. ಎಲ್ಲೋ ಪಟ ಕತ್ತರಿಸಿದವರ 'ಕಾಯ್‌ಪೋ ಛೇ' ಕೂಗು ಕೇಳಿತು. ಪಶ್ಚಿಮದಲ್ಲಿ, ಹಜೀರಾದ ದಿಕ್ಕಿಗೆ, ಸೂರ್ಯ ಆಗಷ್ಟೇ ಇಳಿದಿದ್ದ. ಕೆಳಗೆ ಅರಿಸಿನ, ಮೇಲೆ ನೀಲಿ, ಅವಳ ಕರೆಯೋಲೆಯ ಎರಡು ತುದಿಗಳೇ. ಅವಳು ನಡುವೆ ದಿಟ್ಟಿಸಿ ನೋಡಿದಳು. ಹಸಿರಿನ ಸುಳಿವು ಇದ್ದರೂ ಇಲ್ಲವೆನ್ನುವಷ್ಟು. ಇದ್ದದ್ದು ತಿಳಿ, ಹೆಚ್ಚುಕಡಿಮೆ ಬಿಳಿ, ಹಾಲಿಗೆ ನೀರು ಹೆಚ್ಚಾದ ಹಾಗಿನ ಒಂದು ಬಣ್ಣ.

"ಇಲ್ಲೆ ಡೈ ಇಲ್ಲ ನೋಡ್ರಿ ಮಾಮಾ. ಬೆಳಕಿಗೆ ಬೆಳಕು ಕೂಡೇದ."

"ಹಂಗಾರ ನಿನ್ನ ಬೂದಿ ಪೂರ್ತಿ ಸುಳ್ಳಲ್ಲ. ಎಲ್ ಏರಿಸಬೇಕಿತ್ತು, ಅಷ್ಟ." ಮಾಮ ಕಣ್ಣು ಕಿರಿದು ಮಾಡಿ ಕೈ ಚಾಚಿ ಅಳೆದರು. "ಮತ್ತ ಅದು ನಟ್ಟನಡುವ ಇಲ್ಲ. ಕೆಳಗ ಅದ."

ಅವಳು ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತು ಲ್ಯಾಪ್‌ಟಾಪ್ ತೆರೆದಳು. ಪಟಗಳಿಗೆ ಪೋಂಕ್ ಹಸಿರು ಉಳಿಯಿತು. ಆಕಾಶದ ಗಾಢ ನೀಲಿ ಅಳಿಸಿ ಅರಿಸಿನದಿಂದ ನೀಲಿಗೆ ಹೊಸ ದಾರಿ ಹಾಕಿದಳು, ನಡುವೆ ತಿಳಿಯ ಗೂಟವೊಂದನ್ನು ನೆಟ್ಟಳು. ಅದರ ಮುಂದೆ ಮೊದಲು 0.5 ಎಂದು ಬರೆದಳು, ತಲೆಯೆತ್ತಿ ಇನ್ನೊಮ್ಮೆ ಪಶ್ಚಿಮಕ್ಕೆ ನೋಡಿದಳು, 0.35 ಎಂದು ತಿದ್ದಿದಳು.

"ಇನ್ನೂ ಸ್ವಲ್ಪ ಕೆಳಗ," ಎಂದರು ಮಾಮ.